ಗಡಿಯಲ್ಲಿ ಕ್ಷಯದ ತಪಾಸಣೆ: ಖರ್ಚಿಗೆ ತಕ್ಕ ಫಲವುಂಟೆ?

ನಿಮ್ಮ ಮನೆಯ ಮಗನೋ ಸೊಸೆಯೋ ವ್ಯಾಸಂಗಕ್ಕೆಂದು ಇಂಗ್ಲೆಂಡಿಗೆ ಹೊರಟಿದ್ದರೆ ಈ ಸಂಗತಿ ನಿಮಗೆ ಹೊಸದಲ್ಲ. ಆರು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿ ನಿಲ್ಲುವ ಭಾರತೀಯರು ವೀಸಾ ಕೇಳುವ ಮೊದಲು ಗೊತ್ತುಪಡಿಸಿದ ಚಿಕಿತ್ಸಾಲಯದಲ್ಲಿ ಎದೆಯ ಎಕ್ಸ್-ರೇ ತೆಗೆಸಿ, ಕ್ಷಯವಿಲ್ಲವೆಂಬ ಪತ್ರ ಪಡೆಯಬೇಕು. ಹಿಂದೆ ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದಲ್ಲೇ ಚಿತ್ರ ತೆಗೆಯುತ್ತಿದ್ದರು. 2012ರಿಂದೀಚೆಗೆ ಆ ಕೆಲಸವನ್ನು ಹೊರಡುವ ಊರಿಗೇ ವರ್ಗಾಯಿಸಿದರು. ಶುಲ್ಕವೂ ಪ್ರಯಾಣಿಕನ ಜೇಬಿಗೆ ವರ್ಗವಾಯಿತೆನ್ನಿ!

ಇಂಥ ತಪಾಸಣೆ ಲಾಭವೋ ನಷ್ಟವೋ? ಲೆಕ್ಕ ಸುಲಭ. ಲಕ್ಷ ಜನರಲ್ಲಿ 200 ಮಂದಿಗೆ ರೋಗವಿದ್ದರೆ, 500 ಎಕ್ಸ್-ರೇ ತೆಗೆದಾಗ ಒಬ್ಬ ರೋಗಿ ಸಿಕ್ಕಾನು. 40 ಮಂದಿಗೆ ಮಾತ್ರ ಇದ್ದರೆ 2,500 ಚಿತ್ರಗಳು ಬೇಕು. ಆ ಅಷ್ಟೂ ಚಿತ್ರಗಳ ವೆಚ್ಚ ಸಿಕ್ಕ ಒಬ್ಬನ ಹೆಸರಿಗೇ ಬೀಳುತ್ತದೆ. ಆದ್ದರಿಂದಲೇ ಬ್ರಿಟನ್ ಎಲ್ಲ ದೇಶದವರನ್ನೂ ಪರೀಕ್ಷಿಸದೆ, ರೋಗ ಹೆಚ್ಚಿರುವ ದೇಶಗಳವರನ್ನು ಮಾತ್ರ ಪರೀಕ್ಷಿಸುತ್ತದೆ.

ಆದರೆ ಇಲ್ಲೊಂದು ತೊಡಕುಂಟು. ಎಕ್ಸ್-ರೇಗೆ ಕಾಣುವುದು ಎದ್ದು ನಿಂತ ರೋಗವೇ ಹೊರತು ಮಲಗಿರುವ ಸೋಂಕಲ್ಲ. ಸೋಂಕು ತಗಲಿದವರಲ್ಲಿ ಬಹುಪಾಲು ಜನ ಎಂದೂ ಕಾಯಿಲೆ ಬೀಳುವುದಿಲ್ಲ. ನೂರಕ್ಕೆ ಐದು ಹತ್ತು ಮಂದಿಯಲ್ಲಿ ಮಾತ್ರ ಅದು ಮುಂದೆಂದೋ ಎಚ್ಚರಗೊಳ್ಳುತ್ತದೆ. ವಲಸೆ ಹೋದವರಲ್ಲಿ ಎಷ್ಟೋ ಮಂದಿಗೆ ರೋಗ ತಲೆದೋರುವುದು ಗಡಿ ದಾಟಿ ವರ್ಷಗಳಾದ ಮೇಲೆ. ಇದಕ್ಕೆ ರಕ್ತಪರೀಕ್ಷೆ ಬೇಕು, ಸೋಂಕಿದ್ದರೆ ತಿಂಗಳುಗಟ್ಟಲೆ ಮಾತ್ರೆ ಬೇಕು. ಅಷ್ಟನ್ನೂ ಎಲ್ಲರಿಗೂ ಮಾಡಹೊರಟರೆ ಬೊಕ್ಕಸ ಬರಿದಾದೀತು. 2015ರಲ್ಲಿ ಇಂಗ್ಲೆಂಡ್ ಇಂಥದೊಂದು ಯೋಜನೆಯನ್ನು ಆರಂಭಿಸಿದಾಗ, ಲಕ್ಷಕ್ಕೆ 150ರಷ್ಟೋ ಅದಕ್ಕೂ ಹೆಚ್ಚೋ ಕ್ಷಯವಿರುವ ದೇಶಗಳಿಂದ ಈಚೆಗೆ ಬಂದ, 16ರಿಂದ 35ರ ವಯಸ್ಸಿನವರನ್ನೇ ಆರಿಸಿಕೊಂಡಿತು. ಎಳೆಯರಿಗೆ ಮಾತ್ರೆಯಿಂದ ಪಿತ್ತಜನಕಾಂಗಕ್ಕೆ ಕೇಡು ಕಡಿಮೆ, ಮುಂದಿನ ಬಾಳೂ ದೀರ್ಘ.

ಇನ್ನೊಂದು ಲೆಕ್ಕ ನನಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ಕಂಡಿದೆ. 2005ರಲ್ಲಿ ಕೆನಡದ ಕೆವಿನ್ ಶ್ವಾರ್ಟ್ಸ್‌ಮನ್ ಮತ್ತು ಸಂಗಡಿಗರು, ಮೆಕ್ಸಿಕೋದಿಂದ ಅಮೆರಿಕಕ್ಕೆ ಬರುವವರನ್ನು ಕುರಿತು ಇಪ್ಪತ್ತು ವರ್ಷಗಳ ಅಂದಾಜು ಮಾಡಿದರು. ಎಕ್ಸ್-ರೇಯ ಜೊತೆಗೆ ಚರ್ಮದ ಪರೀಕ್ಷೆಯನ್ನೂ ಸೇರಿಸಿದರೆ 401 ಮಂದಿಯ ರೋಗ ತಪ್ಪೀತು. ಹೆಚ್ಚುವರಿ ವೆಚ್ಚ 32 ಕೋಟಿ 90 ಲಕ್ಷ ಡಾಲರು. ಒಂದೊಂದಕ್ಕೆ 8 ಲಕ್ಷಕ್ಕೂ ಮಿಕ್ಕಿತು! ಅದರ ಬದಲು ಮೆಕ್ಸಿಕೋದ ಒಳಗಿನ ಕ್ಷಯ ಚಿಕಿತ್ಸೆಗೇ ಅಮೆರಿಕ 3 ಕೋಟಿ 49 ಲಕ್ಷ ಡಾಲರು ಕೊಟ್ಟರೆ? ಅಮೆರಿಕದಲ್ಲೇ 2,591 ರೋಗಿಗಳು ಕಡಿಮೆಯಾಗುತ್ತಾರೆ, 349 ಸಾವು ತಪ್ಪುತ್ತದೆ, ಖರ್ಚು ಕಳೆದು 10 ಕೋಟಿ 80 ಲಕ್ಷ ಡಾಲರು ಉಳಿಯುತ್ತದೆ. ನೆರೆಮನೆಯ ಬೆಂಕಿಗೆ ನೀರು ಹೊಯ್ಯುವುದು ಧರ್ಮವೆನ್ನುತ್ತೇವೆ. ಇಲ್ಲಿ ಅದು ಅಚ್ಚ ವ್ಯಾಪಾರವೂ ಹೌದು.

ಹೊರಡುವವರಿಗೆ ಒಂದು ಮಾತು. ಎಕ್ಸ್-ರೇ ಸರಿಯಾಗಿದೆಯೆಂದರೆ ಇಂದಿನ ಮಟ್ಟಿಗೆ ಸರಿ, ಅಷ್ಟೆ. ಅಲ್ಲಿ ರಕ್ತಪರೀಕ್ಷೆಗೆ ಕರೆ ಬಂದರೆ ಆ ಕಾಗದವನ್ನು ಎಸೆಯಬೇಡಿ. ಕೆಮ್ಮು ವಾರಗಟ್ಟಲೆ ನಿಲ್ಲದಿದ್ದರೆ, ಭಾರತದಿಂದ ಬಂದವರೆಂದು ವೈದ್ಯರಿಗೆ ತಿಳಿಸಿ. ಇಂಗ್ಲೆಂಡಿನಲ್ಲಿ ಕ್ಷಯದ ಪರೀಕ್ಷೆ, ಚಿಕಿತ್ಸೆಗಳಿಗೆ ಪರದೇಶದವರಿಂದಲೂ ಹಣ ತೆಗೆದುಕೊಳ್ಳುವುದಿಲ್ಲ.