ಕಿರು ಮೋಟರ್‌ಹೋಮ್: ಕೊಂಗುನಾಡಿನಲ್ಲಿ ಸಾಕುವ ಬಗೆ

ವ್ಯಾನಿನ ಚಾಸಿಸ್ ಮೇಲೆ ಮಲಗುವ ಜಾಗ, ಕೂರುವ ಆಸನ, ಮೇಜು, ಅಡುಗೆ ಕಟ್ಟೆ ಮತ್ತು ಸಾಮಾನಿನ ಕಪಾಟು ಇಷ್ಟನ್ನೂ ಕಟ್ಟಿಕೊಂಡ ವಾಹನವೇ ಕಿರು ಮೋಟರ್‌ಹೋಮ್. ಇವೆಲ್ಲ ಗಾಡಿಯ ಮೈಗೆ ಭದ್ರವಾಗಿ ಕೂತಿರಬೇಕು. ಹಾಸಿಗೆ, ಒಲೆ ತುಂಬಿಕೊಂಡು ಹೊರಟ ಮಾತ್ರಕ್ಕೆ ವ್ಯಾನು ಮೋಟರ್‌ಹೋಮ್ ಆಗುವುದಿಲ್ಲ. ಭಾರತದಲ್ಲಿ ಇದಕ್ಕೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಅದರಲ್ಲಿ ಇದರ ಹೆಸರು ಮೋಟರ್ ಕ್ಯಾರವಾನ್. ಫೋರ್ಸ್ ಟ್ರಾವೆಲರ್, ಟಾಟಾ ವಿಂಗರ್‌ನಂಥ ಐದರಿಂದ ಏಳು ಮೀಟರ್ ಉದ್ದದ ಗಾಡಿಗಳ ಮೇಲೆ ಇಂಥವನ್ನು ಕಟ್ಟುವುದು ವಾಡಿಕೆ. 2022ರಲ್ಲಿ ಮಹೀಂದ್ರ ಕಂಪನಿಯು ಐಐಟಿ ಮದ್ರಾಸಿನ ಆಶ್ರಯದಲ್ಲಿ ಬೆಳೆದ ಕ್ಯಾಂಪರ್‌ವ್ಯಾನ್ ಫ್ಯಾಕ್ಟರಿ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡು, ಬೊಲೆರೊ ಪಿಕಪ್ ಮೇಲೂ ಇದನ್ನು ಕಟ್ಟಿಸುವುದಾಗಿ ಪ್ರಕಟಿಸಿತು.

ತಮಿಳುನಾಡಿನ ಕೊಂಗುನಾಡಿಗೆ ಸೇರಿದ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳು ಇಂಥ ಗಾಡಿಗೆ ಒಳ್ಳೆಯ ಪರೀಕ್ಷಾ ಕಣ. ಬಿಸಿಲಿನ ಬಯಲು, ಪಾಲಕ್ಕಾಡ್ ಕಂಡಿಯಿಂದ ನುಗ್ಗುವ ಗಾಳಿ, ವಾಲ್ಪಾರೈಯ ಘಾಟಿ, ಒಂದೂರಿನಲ್ಲಿ ಸಿಹಿ ಇನ್ನೊಂದೂರಿನಲ್ಲಿ ಗಡಸು ನೀರು, ಎಲ್ಲವೂ ಒಂದೇ ದಿನದ ಪಯಣದೊಳಗೆ ಸಿಗುತ್ತವೆ. ಮೋಟಾರು ಕೆಲಸ ಬಲ್ಲ ಕೈಗಳೂ ಇಲ್ಲಿ ಹೇರಳ. ಜಿ.ಡಿ. ನಾಯ್ಡು 1920ರಲ್ಲಿ ಪೊಳ್ಳಾಚಿ ಮತ್ತು ಪಳನಿ ನಡುವೆ ಬಸ್ಸು ಓಡಿಸಿ ಸಾರಿಗೆ ಉದ್ಯಮ ಶುರು ಮಾಡಿದ್ದು ಈ ಸೀಮೆಯಲ್ಲಿಯೇ. ನೆರೆಯ ಕರೂರು ಬಸ್ಸಿನ ಬಾಡಿ ಕಟ್ಟುವುದಕ್ಕೆ ಹೆಸರಾದ ಊರು.

ಕೈಗಳಿವೆ ಎಂದ ಮಾತ್ರಕ್ಕೆ ಹಳೆಯ ಟೆಂಪೊ ಟ್ರಾವೆಲರ್ ಕೊಂಡು ಸೀಟು ಕಿತ್ತು ಮಂಚ ಹಾಕಿಸುವಂತಿಲ್ಲ. ನೋಂದಣಿಯಾದ ವಾಹನವನ್ನು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಆರ್‌ಸಿಯಲ್ಲಿ ಒಂದು ವರ್ಗ, ರಸ್ತೆಯಲ್ಲಿ ಇನ್ನೊಂದು ಗಾಡಿ ಎಂದಾದರೆ ಅಪಘಾತದ ಹೊತ್ತಿನಲ್ಲಿ ವಿಮೆಯ ಹಣಕ್ಕೆ ತಕರಾರು ಏಳುತ್ತದೆ. ಮಾನ್ಯತೆ ಪಡೆದ ಮಾದರಿಯನ್ನೇ ಕೊಳ್ಳುವುದು ದುಬಾರಿಯಾದರೂ ಸರಿಯಾದ ದಾರಿ. ಒಟ್ಟು ತೂಕ 7,500 ಕಿಲೋ ದಾಟದ ಗಾಡಿಗೆ ಲಘು ವಾಹನದ ಲೈಸೆನ್ಸ್ ಸಾಕು.

ಈ ಯಂತ್ರವನ್ನು ಅರಿಯಲು ಮೊದಲು ತಿಳಿಯಬೇಕಾದ್ದು ತೂಕದ ಲೆಕ್ಕ. ಉಳಿದ ಎಲ್ಲ ತೊಂದರೆಗಳ ಬೇರು ಬಹುಮಟ್ಟಿಗೆ ಅಲ್ಲಿಯೇ ಇದೆ. ಚಾಸಿಸ್ ಹೊರಬಲ್ಲ ಒಟ್ಟು ಭಾರ ಆರ್‌ಸಿಯಲ್ಲಿ ಬರೆದಿರುತ್ತದೆ. ಅದರಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದು ಮನೆಯ ಪಾಲು. 8 ಅಡಿ ಉದ್ದ, 4 ಅಡಿ ಅಗಲದ 19 ಮಿಲಿಮೀಟರ್ ಪ್ಲೈವುಡ್ ಹಾಳೆಯೊಂದೇ ಸುಮಾರು 37 ಕಿಲೋ ತೂಗುತ್ತದೆ. ಬಡಗಿಯು ಮನೆಯ ವಾರ್ಡ್‌ರೋಬಿನ ಅಭ್ಯಾಸದಲ್ಲಿ ಇಂಥ ಆರು ಹಾಳೆ ಬಳಸಿದರೆ 200 ಕಿಲೋ ದಾಟಿತು. ನೂರು ಲೀಟರ್ ನೀರಿಗೆ ನೂರು ಕಿಲೋ. ಮನೆಯಲ್ಲಿ ಬಳಸುವ 14.2 ಕಿಲೋ ಗ್ಯಾಸ್ ಸಿಲಿಂಡರು ತುಂಬಿದಾಗ ಹೆಚ್ಚುಕಡಿಮೆ 30 ಕಿಲೋ. ಇದರ ಮೇಲೆ ನಾಲ್ಕು ಜನ, ಅವರ ಬಟ್ಟೆ, ಪಾತ್ರೆ, ಅಕ್ಕಿ. ಹಾಗಾಗಿ ಒಳಗಿನ ಕಪಾಟುಗಳಿಗೆ ಅಲ್ಯೂಮಿನಿಯಂ ಚೌಕಟ್ಟು, ತೆಳು ಹಲಗೆ ಬಳಸಿದ ಗಾಡಿಯನ್ನು ಆರಿಸಿಕೊಳ್ಳಬೇಕು. ತೇಗದ ಹೊಳಪಿಗೆ ಮರುಳಾಗಬಾರದು.

ತೂಕ ತಿಳಿಯುವ ಉಪಾಯ ಇಲ್ಲಿ ಕೈಗೆಟಕುವಂತಿದೆ. ನೂಲು, ಕೋಳಿ ಆಹಾರ, ತೆಂಗಿನಕಾಯಿ ಹೊತ್ತ ಲಾರಿಗಳಿಗಾಗಿ ತಿರುಪ್ಪೂರು, ಪಲ್ಲಡಂ, ಪೊಳ್ಳಾಚಿಯ ರಸ್ತೆಗಳಲ್ಲಿ ವೇಬ್ರಿಡ್ಜ್‌ಗಳಿವೆ. ಪ್ರವಾಸಕ್ಕೆ ಹೊರಡುವ ಸ್ಥಿತಿಯಲ್ಲಿಯೇ, ನೀರು, ಡೀಸೆಲ್, ಜನ ಎಲ್ಲವನ್ನೂ ತುಂಬಿಕೊಂಡು ಅಲ್ಲಿ ಗಾಡಿ ನಿಲ್ಲಿಸಬೇಕು. ಮೊದಲು ಮುಂದಿನ ಚಕ್ರಗಳನ್ನಷ್ಟೇ ತಟ್ಟೆಯ ಮೇಲೆ ಹತ್ತಿಸಿ ಒಂದು ಚೀಟಿ, ಆಮೇಲೆ ಇಡೀ ಗಾಡಿಯನ್ನು ಹತ್ತಿಸಿ ಇನ್ನೊಂದು ಚೀಟಿ. ಎರಡರ ವ್ಯತ್ಯಾಸವೇ ಹಿಂದಿನ ಆಕ್ಸಲ್ ಮೇಲಿನ ಭಾರ. ಒಟ್ಟು ತೂಕ ಮಿತಿಯೊಳಗಿದ್ದರೂ ನೀರಿನ ಟ್ಯಾಂಕು ಮತ್ತು ಬ್ಯಾಟರಿ ಎರಡೂ ಹಿಂಬದಿಗೆ ಸೇರಿ ಹಿಂದಿನ ಆಕ್ಸಲ್ ಮಿತಿಮೀರಿರುವುದು ಸಾಮಾನ್ಯ. ಆಗ ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗಿ ಸ್ಟೇರಿಂಗ್ ಹಗುರಾಗುತ್ತದೆ, ಹಿಂದಿನ ಟೈರು ಕಾಯುತ್ತದೆ. ಟೈರಿನ ಗಾಳಿ ಎಷ್ಟಿರಬೇಕು ಎಂಬುದನ್ನೂ ಈ ಎರಡು ಚೀಟಿಗಳೇ ಹೇಳಬೇಕು.

ತೂಕದ ತಪ್ಪು ಬಯಲಾಗುವುದು ಘಾಟಿಯಲ್ಲಿ. ಆಳಿಯಾರಿನಿಂದ ವಾಲ್ಪಾರೈಗೆ 40 ಹೇರ್‌ಪಿನ್ ತಿರುವುಗಳು. ಮೂರೂವರೆ ಟನ್ ತೂಕದ ಗಾಡಿ 800 ಮೀಟರ್ ಎತ್ತರದಿಂದ ಇಳಿಯುವಾಗ ಸುಮಾರು ಏಳೂವರೆ ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಹೇಗಾದರೂ ಕರಗಬೇಕು. ಬ್ರೇಕ್ ಪೆಡಲಿನ ಮೇಲೇ ಕಾಲಿಟ್ಟು ಇಳಿದರೆ ಅದರಲ್ಲಿ ಹೆಚ್ಚಿನದು ಶಾಖವಾಗಿ ಡಿಸ್ಕು, ಡ್ರಮ್ಮುಗಳಿಗೆ ಇಳಿಯುತ್ತದೆ. ಲೈನಿಂಗ್ ಕಾದು ಹಿಡಿತ ಬಿಡುತ್ತದೆ; ಬ್ರೇಕ್ ಎಣ್ಣೆ ಕುದಿದರೆ ಕೊಳವೆಯಲ್ಲಿ ಆವಿ ಸೇರಿ ಪೆಡಲು ತಳಕ್ಕೆ ಹೋಗುತ್ತದೆ. ಹೊಸ ಡಾಟ್-3 ಎಣ್ಣೆಯ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್. ಗಾಳಿಯ ತೇವ ಹೀರಿಕೊಂಡ ಮೇಲೆ ಅದು 140ರ ಸುಮಾರಿಗೆ ಇಳಿಯಬಹುದು. ಕಿಲೋಮೀಟರು ಎಷ್ಟೇ ಕಡಿಮೆ ಓಡಿರಲಿ, ಎರಡು ವರ್ಷಕ್ಕೊಮ್ಮೆ ಈ ಎಣ್ಣೆ ಬದಲಿಸಬೇಕಾದ ಕಾರಣ ಇದೇ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಲಾರಿ ಚಾಲಕರ ನಿಯಮ ಮೋಟರ್‌ಹೋಮಿಗೂ ಅಷ್ಟೇ ಅನ್ವಯ. ಎಂಜಿನ್ ಆರಿಸಿ ಇಳಿಯುವುದಂತೂ ಸಲ್ಲದು, ಬ್ರೇಕಿಗೆ ಬಲ ಕೊಡುವ ನಿರ್ವಾತ ಎಂಜಿನ್ ತಿರುಗಿದರೆ ಮಾತ್ರ ಹುಟ್ಟುತ್ತದೆ.

ಕರ್ನಾಟಕದ ಕಡೆಯಿಂದ ಬರುವವರ ದಾರಿಯಲ್ಲೂ ಇಂಥದೇ ಇಳಿಜಾರಿದೆ. ಚಾಮರಾಜನಗರದಿಂದ ಬಣ್ಣಾರಿಗೆ ಇಳಿಯುವ ದಿಂಬಂ ಘಾಟಿಗೆ 27 ತಿರುವು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಊಟಿಯ ಕಡೆ ತಿರುಗುವುದಾದರೆ 2024ರ ಮೇ 7ರಿಂದ ನೀಲಗಿರಿ ಜಿಲ್ಲೆಗೆ ಇ-ಪಾಸ್ ಬೇಕು. ಎಲ್ಲಿ ಬೇಕೆಂದರಲ್ಲಿ ನಿಂತು ಮಲಗಬಹುದು ಎಂಬ ಭಾವನೆ ಕಾಡಿನ ರಸ್ತೆಗಳಲ್ಲಿ ನಡೆಯದು, ನಡೆಯಲೂ ಕೂಡದು. ಅವು ಆನೆ, ಹುಲಿಗಳ ಓಡಾಟದ ಜಾಗಗಳು.

ಬಯಲಿಗೆ ಇಳಿದರೆ ಗಾಳಿಯ ಸರದಿ. ಪಶ್ಚಿಮ ಘಟ್ಟದ ಸಾಲಿನಲ್ಲಿ ಪಾಲಕ್ಕಾಡ್ ಬಳಿ ಇರುವ ಕಂಡಿಯ ಮೂಲಕ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಗಾಳಿ ಪೂರ್ವಕ್ಕೆ ಬೀಸುತ್ತದೆ. ಉಡುಮಲಪೇಟೆ, ಪಲ್ಲಡಂ, ಧಾರಾಪುರಂ ಸುತ್ತಲಿನ ಗಾಳಿಗಿರಣಿಗಳು ನಿಂತಿರುವುದು ಇದೇ ಗಾಳಿಯನ್ನು ನಂಬಿ. ಆರು ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರದ ಗಾಡಿಯ ಪಕ್ಕೆ 15 ಚದರ ಮೀಟರಿನ ಹಲಗೆ ಇದ್ದಂತೆ. ಸೆಕೆಂಡಿಗೆ 12 ಮೀಟರ್ ವೇಗದ ಗಾಳಿ ಅದನ್ನು ನೂರು ಕಿಲೋ ಮೀರಿದ ಬಲದಿಂದ ತಳ್ಳುತ್ತದೆ. ಪಲ್ಲಡಂನಿಂದ ಉಡುಮಲಪೇಟೆಗೆ ಹೋಗುವ ರಸ್ತೆ ಉತ್ತರದಿಂದ ದಕ್ಷಿಣಕ್ಕೆ ಸಾಗುವುದರಿಂದ ಗಾಳಿ ನೇರವಾಗಿ ಪಕ್ಕೆಗೆ ಬಡಿಯುತ್ತದೆ. ಲಾರಿಯೊಂದನ್ನು ಹಿಂದಿಕ್ಕುವಾಗ ಅದರ ಮರೆಯಲ್ಲಿ ಗಾಳಿ ನಿಂತು, ದಾಟಿದೊಡನೆ ಮತ್ತೆ ತಾಗುತ್ತದೆ. ಆ ಕ್ಷಣ ಸ್ಟೇರಿಂಗ್ ಎರಡೂ ಕೈಯಲ್ಲಿರಬೇಕು. ಮಾಡಿನ ಮೇಲೆ ಸಾಮಾನು ಹೇರಿದ್ದರೆ ತೊನೆದಾಟ ಇನ್ನೂ ಹೆಚ್ಚು.

ಮನೆಯ ಭಾಗದಲ್ಲಿ ವಿದ್ಯುತ್ತಿನ ಲೆಕ್ಕ ಸರಳ, ಆದರೆ ಅದನ್ನು ಮಾಡದೆ ಕೊಂಡವರೇ ಹೆಚ್ಚು. 12 ವೋಲ್ಟಿನ ಸಣ್ಣ ಫ್ರಿಜ್ಜು ಬೇಸಗೆಯಲ್ಲಿ ದಿನಕ್ಕೆ ಅರ್ಧ ಯೂನಿಟ್ ತಿನ್ನುತ್ತದೆ. ಎರಡು ಬಿಎಲ್‌ಡಿಸಿ ಫ್ಯಾನ್ ರಾತ್ರಿಯಿಡೀ ತಿರುಗಿದರೆ ಇನ್ನರ್ಧ. ದೀಪ, ಫೋನು, ಪಂಪು ಸೇರಿ ಕಾಲು ಯೂನಿಟ್. ಮಾಡಿನ ಮೇಲಿನ 400 ವಾಟಿನ ಸೌರ ಫಲಕ ಇಲ್ಲಿನ ಬಿಸಿಲಿನಲ್ಲಿ ಒಂದೂವರೆ ಯೂನಿಟ್ ಕೊಡುತ್ತದೆ, ಅಲ್ಲಿಗೆ ಸರಿಹೋಯಿತು. ಒಂದು ಟನ್ ಎಸಿ ಒಂದು ರಾತ್ರಿಗೆ ಐದು ಯೂನಿಟ್ ಬೇಡುತ್ತದೆ. ಅದನ್ನು ಇಷ್ಟು ಚಿಕ್ಕ ಮಾಡು ಕೊಡಲಾರದು. ಹೊರಗಿನ ಪ್ಲಗ್ಗು ಸಿಗುವಲ್ಲಿ ಮಾತ್ರ ಎಸಿ. ಎಂಜಿನ್ ಓಡಿಸಿಟ್ಟು ಎಸಿ ಹಾಕುವ ರೂಢಿ 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್-6 ಡೀಸೆಲ್ ಗಾಡಿಗಳಿಗೆ ಮಾರಕ: ನಿಂತಲ್ಲೇ ಓಡುವ ಎಂಜಿನ್ ಸೈಲೆನ್ಸರಿನ ಮಸಿ ಸೋಸುಕವನ್ನು ಸುಟ್ಟು ಶುಚಿಮಾಡುವಷ್ಟು ಬಿಸಿಯಾಗದೆ ಮಸಿ ಕಟ್ಟಿಕೊಳ್ಳುತ್ತದೆ. ಸಾವಿರ ಮೀಟರ್ ಮೇಲೇರಿದರೆ ಆರು ಡಿಗ್ರಿಯಷ್ಟು ತಂಪು ತಾನಾಗಿ ಸಿಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಎಸಿಗಿಂತ ಬೆಟ್ಟವೇ ಮೇಲು.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 100 ಆಂಪಿಯರ್-ಅವರ್‌ಗೆ 12 ಕಿಲೋದಷ್ಟು ತೂಗಿ, ಸುಮಾರು ಒಂದೂಕಾಲು ಯೂನಿಟ್ ಹಿಡಿಯುತ್ತದೆ. ಟ್ಯೂಬುಲರ್ ಬ್ಯಾಟರಿ ಅದರ ಹಲವು ಪಟ್ಟು ತೂಗಿಯೂ ಪದೇ ಪದೇ ಅರ್ಧಕ್ಕಿಂತ ಹೆಚ್ಚು ಬರಿದಾದರೆ ಬೇಗ ಹಾಳಾಗುತ್ತದೆ. ಇನ್ವರ್ಟರ್ ಶುದ್ಧ ಸೈನ್ ತರಂಗದ್ದಾಗಿರಲಿ. ಇಡ್ಲಿ ಹಿಟ್ಟು ರುಬ್ಬದೆ ಈ ಸೀಮೆಯವರು ಊರು ಬಿಡುವುದಿಲ್ಲ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕೊಯಮತ್ತೂರು ವೆಟ್ ಗ್ರೈಂಡರಿನ ಮೇಜಿನ ಮಾದರಿಗೆ 150 ವಾಟ್ ಸಾಕಾದರೂ, ಮೋಟಾರು ತಿರುಗಲು ಶುರುವಾಗುವ ಕ್ಷಣದಲ್ಲಿ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಅಗ್ಗದ ಚೌಕ ತರಂಗದ ಇನ್ವರ್ಟರಿನಲ್ಲಿ ಅದು ಗುಂಯ್‌ಗುಟ್ಟಿ ಕಾಯುತ್ತದೆ.

ನೀರಿನ ಏರ್ಪಾಟಿನ ಎದೆ 12 ವೋಲ್ಟಿನ ಡಯಾಫ್ರಂ ಪಂಪು. ನಲ್ಲಿ ತೆರೆದಾಗ ಒತ್ತಡ ಇಳಿದು ಪಂಪು ಓಡುತ್ತದೆ. ಮುಚ್ಚಿದಾಗ ಒತ್ತಡ ಏರಿ ಸ್ವಿಚ್ಚು ಅದನ್ನು ನಿಲ್ಲಿಸುತ್ತದೆ. ಎಲ್ಲ ನಲ್ಲಿ ಮುಚ್ಚಿದ ರಾತ್ರಿಯಲ್ಲಿ ಅದು ಆಗಾಗ ಒಂದು ಕ್ಷಣ ಟರ್ರೆಂದು ನಿಂತರೆ ಎಲ್ಲೋ ಜೋಡಣೆ ಒಸರುತ್ತಿದೆ ಎಂದು ಶಂಕಿಸಬೇಕು. ಆ ಸದ್ದನ್ನು ಅಲಕ್ಷಿಸಿದರೆ ತಿಂಗಳೊಳಗೆ ನೆಲದ ಹಲಗೆ ಉಬ್ಬುತ್ತದೆ. ಪಂಪು ತಯಾರಿಕೆಗೆ ದೇಶದಲ್ಲೇ ಹೆಸರಾದ ಕೊಯಮತ್ತೂರಿನಲ್ಲಿ ಸೀಲು, ವಾಷರು ಹುಡುಕಿಕೊಡುವ ಅಂಗಡಿಗೆ ಬರವಿಲ್ಲ. ಟ್ಯಾಂಕಿಗೆ ಸಿರುವಾಣಿಯ ಮೃದು ನೀರು ಸಿಕ್ಕರೆ ಭಾಗ್ಯ. ಬೋರ್‌ವೆಲ್ಲಿನ ಗಡಸು ನೀರು ಗೀಸರಿನ ಕಾಯಿಲ್ ಮೇಲೆ ಬಿಳಿ ಹಕ್ಕಳೆ ಕಟ್ಟುತ್ತದೆ, ಆಗಾಗ ಸಿಟ್ರಿಕ್ ಆಮ್ಲದ ನೀರಿನಿಂದ ತೊಳೆಯಬೇಕು. ಪಂಪಿನ ಮುಂದಿನ ಜಾಲರಿಯನ್ನೂ ಪ್ರತಿ ಪ್ರವಾಸದ ಬಳಿಕ ಬಿಚ್ಚಿ ತೊಳೆಯುವುದು ವಾಸಿ.

ಬಳಸಿದ ನೀರನ್ನು ರಸ್ತೆಬದಿಯ ಹಳ್ಳಕ್ಕೆ ಬಿಡುವುದು ಅಪರಾಧಕ್ಕೆ ಸಮ. ಬಣ್ಣದ ಕಾರ್ಖಾನೆಗಳ ಕೊಳೆಯಿಂದ ನೊಯ್ಯಲ್ ನದಿ ಕೆಟ್ಟು, 2011ರಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಡೈಯಿಂಗ್ ಘಟಕಗಳನ್ನೇ ಮುಚ್ಚಿಸಿದ ಸೀಮೆಯಿದು. ಪಾತ್ರೆ ತೊಳೆದ ನೀರಿನ ಟ್ಯಾಂಕನ್ನು ಊರಿನ ಒಳಚರಂಡಿಗೂ, ಕ್ಯಾಸೆಟ್ ಟಾಯ್ಲೆಟ್ಟಿನ ಡಬ್ಬಿಯನ್ನು ತಂಗುವಲ್ಲಿ ಅನುಮತಿ ಕೇಳಿ ಶೌಚಾಲಯಕ್ಕೂ ಸುರಿಯಬೇಕು.

ಗ್ಯಾಸಿನಲ್ಲಿ ನೆನಪಿಡಬೇಕಾದ್ದು ಒಂದೇ ಗುಣ: ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿದು ನಿಲ್ಲುತ್ತದೆ. ಆದ್ದರಿಂದ ಸಿಲಿಂಡರಿನ ಗೂಡು ಮಲಗುವ ಜಾಗದ ಕಡೆಗೆ ಪೂರ್ತಿ ಮುಚ್ಚಿರಬೇಕು, ಅದರ ತಳದಲ್ಲಿ ಹೊರಕ್ಕೆ ತೆರೆದ ಕಿಂಡಿ ಇರಬೇಕು. 5 ಕಿಲೋ ಸಿಲಿಂಡರು ಸಾಕು. ಓಡುವಾಗ ಕವಾಟ ಮುಚ್ಚಿರಲಿ.

ಮಾಡಿನ ಒಸರು ಮೋಟರ್‌ಹೋಮಿನ ಆಯುಷ್ಯ ತಿನ್ನುವ ರೋಗ. ಓಡುವಾಗ ಗಾಡಿಯ ಮೈ ತಿರುಚುತ್ತಲೇ ಇರುತ್ತದೆ. ಮಾಡಿನ ಕಿಂಡಿ, ಸೌರ ಫಲಕದ ಕಾಲು, ಎಸಿಯ ಅಂಚುಗಳಲ್ಲಿ ಸೀಲಂಟ್ ಬಿರಿಯುತ್ತದೆ. ಬಯಲಿನ ಕೊಯಮತ್ತೂರಿಗೆ ಹೆಚ್ಚಿನ ಮಳೆ ಅಕ್ಟೋಬರ್, ನವೆಂಬರ್‌ನ ಹಿಂಗಾರಿನಲ್ಲಿ. ವಾಲ್ಪಾರೈಗೆ ಮುಂಗಾರು ಜೋರು. ಹಾಗಾಗಿ ಮೇ ಮತ್ತು ಸೆಪ್ಟೆಂಬರಿನಲ್ಲಿ ಏಣಿ ಹಾಕಿ ಮಾಡು ಹತ್ತಿ, ಬಿರುಕುಗಳನ್ನು ಬೆರಳಿನಿಂದ ಒತ್ತಿ ನೋಡಬೇಕು. ಬಿರಿದಲ್ಲಿ ಹಳೆಯದನ್ನು ಪೂರ್ತಿ ಕೆರೆದು ಪಾಲಿಯುರೆಥೇನ್ ಸೀಲಂಟ್ ತುಂಬಬೇಕು. ಮನೆಯ ಬಚ್ಚಲಿಗೆ ಬಳಸುವ ಸಿಲಿಕೋನ್ ಬೇಡ, ಅದರ ಮೇಲೆ ಮುಂದೆ ಬೇರೆ ಯಾವುದೂ ಸರಿಯಾಗಿ ಅಂಟುವುದಿಲ್ಲ.

ವರ್ಷದ ಬಹುಪಾಲು ಈ ಗಾಡಿ ನಿಂತೇ ಇರುತ್ತದೆ, ಹೀಗಾಗಿ ಅದರ ಟೈರು ಸವೆದು ಸಾಯುವುದಕ್ಕಿಂತ ಮುಪ್ಪಿನಿಂದ ಸಾಯುವುದೇ ಹೆಚ್ಚು. ಟೈರಿನ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತದೆ: 2322 ಎಂದಿದ್ದರೆ 2022ರ 23ನೇ ವಾರ. ಆರು ವರ್ಷ ದಾಟಿದ ಮೇಲೆ ಮೆಟ್ಟಿನ ಗೆರೆ ಎಷ್ಟೇ ಆಳವಿದ್ದರೂ ಪ್ರತಿ ವರ್ಷ ತಜ್ಞರಿಗೆ ತೋರಿಸಬೇಕು. ನಿಲ್ಲಿಸುವಾಗ ನೀರಿನ ಟ್ಯಾಂಕುಗಳನ್ನು ಖಾಲಿ ಮಾಡಿ ನಲ್ಲಿಗಳನ್ನು ತೆರೆದಿಡಬೇಕು, ಫ್ರಿಜ್ಜಿನ ಬಾಗಿಲು ಅರೆ ತೆರೆದಿರಬೇಕು, ಲಿಥಿಯಂ ಬ್ಯಾಟರಿಯನ್ನು ಅರ್ಧ ತುಂಬಿದ ಸ್ಥಿತಿಯಲ್ಲಿ ಬೇರ್ಪಡಿಸಬೇಕು. ಕಾಳು, ಬಿಸ್ಕತ್ತಿನ ತುಣುಕೂ ಒಳಗೆ ಉಳಿಯಬಾರದು. ಅದರ ವಾಸನೆಗೆ ಬಂದ ಇಲಿ ವೈರಿಂಗ್ ಕಡಿಯುತ್ತದೆ. ತಿಂಗಳಿಗೊಮ್ಮೆ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿದರೆ ಟೈರು, ಬ್ರೇಕು, ಮಸಿ ಸೋಸುಕ ಮೂರಕ್ಕೂ ಒಳ್ಳೆಯದು. ನಿಂತಲ್ಲೇ ಎಂಜಿನ್ ಚಾಲೂ ಮಾಡಿ ಐದು ನಿಮಿಷದಲ್ಲಿ ಆರಿಸುವುದರಿಂದ ಈ ಮೂರರಲ್ಲಿ ಒಂದಕ್ಕೂ ಉಪಯೋಗವಿಲ್ಲ.