ಜಾಣ ಪೆಟ್ಟಿಗೆ ಮತ್ತು ವಿಮಾನದ ಹೊಟ್ಟೆ

ಕೊಲ್ಲಿ ರಾಷ್ಟ್ರಗಳಿಂದ ರಜೆಯಲ್ಲಿ ಊರಿಗೆ ಬರುವ ನಮ್ಮ ಬಂಧುಗಳ ಕೈಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೊಸ ಬಗೆಯ ಪೆಟ್ಟಿಗೆಯೊಂದು ಕಾಣಿಸಿಕೊಳ್ಳುತ್ತಿದೆ. ಹಗ್ಗ ಬಿಗಿದು, ಮೇಲೆ ದಪ್ಪ ಅಕ್ಷರಗಳಲ್ಲಿ ಹೆಸರು ಬರೆದ ರಟ್ಟಿನ ಪೆಟ್ಟಿಗೆಗಳು ಬಜ್ಪೆಯ ನಿಲ್ದಾಣದಿಂದ ಇನ್ನೂ ಮಾಯವಾಗಿಲ್ಲ. ಆದರೆ ಅವುಗಳ ಪಕ್ಕದಲ್ಲೇ, ಮೊಬೈಲಿಗೆ ವಿದ್ಯುತ್ ತುಂಬುವ, ತಾನೆಲ್ಲಿದ್ದೇನೆಂದು ಒಡೆಯನಿಗೆ ತಿಳಿಸುವ, ಬೆರಳಚ್ಚು ನೋಡಿ ಬೀಗ ತೆರೆಯುವ, ತನ್ನ ತೂಕವನ್ನು ತಾನೇ ಹೇಳುವ ಪೆಟ್ಟಿಗೆಗಳು ಉರುಳುತ್ತಿವೆ. ಕೆಲವಂತೂ ಒಡೆಯನನ್ನೇ ಬೆನ್ನ ಮೇಲೆ ಕೂರಿಸಿಕೊಂಡು ಓಡುತ್ತವೆ! ಇವುಗಳಿಗೆ ಸ್ಮಾರ್ಟ್ ಲಗೇಜ್ ಎಂದು ಹೆಸರು. ಮಗನಿಗೋ ಅಳಿಯನಿಗೋ ಉಡುಗೊರೆಯಾಗಿ ಕೊಡಲು ಇದನ್ನು ಆರಿಸುವವರೂ ಇದ್ದಾರೆ. ಬೆಲೆ ಸಾಧಾರಣ ಪೆಟ್ಟಿಗೆಗಿಂತ ಬಹಳ ಹೆಚ್ಚು. ಹಣ ತೆರುವ ಮುನ್ನ ಅಂಗಡಿಯವನನ್ನು ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ಇದರ ಬ್ಯಾಟರಿಯನ್ನು ಬರಿಗೈಯಿಂದ ಹೊರತೆಗೆಯಲು ಬರುತ್ತದೆಯೇ?

ಈ ಪ್ರಶ್ನೆ ಏಕೆಂಬುದಕ್ಕೆ ಒಂದು ಕಥೆಯಿದೆ. ಪೆಟ್ಟಿಗೆಗೆ ಚಕ್ರ ಜೋಡಿಸಿ ಎಳೆಯುವ ಉಪಾಯಕ್ಕೆ ಅಮೆರಿಕದ ಬರ್ನಾರ್ಡ್ ಸ್ಯಾಡೋ 1972ರಲ್ಲಿ ಪೇಟೆಂಟ್ ಪಡೆದರು. ಅದನ್ನು ನೆಟ್ಟಗೆ ನಿಲ್ಲಿಸಿ, ಉದ್ದನೆಯ ಹಿಡಿಕೆ ಕೊಟ್ಟು ಇಂದಿನ ರೂಪಕ್ಕೆ ತಂದವರು ರಾಬರ್ಟ್ ಪ್ಲಾತ್ ಎಂಬ ವಿಮಾನ ಚಾಲಕರು, 1980ರ ದಶಕದ ಕೊನೆಯಲ್ಲಿ. ಅಲ್ಲಿಂದ ಮುಂದೆ ಪೆಟ್ಟಿಗೆಯ ಲೋಕದಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇನೂ ಆಗಲಿಲ್ಲ. 2014ರಲ್ಲಿ ಬ್ಲೂಸ್ಮಾರ್ಟ್ ಎಂಬ ಸಂಸ್ಥೆ ಬ್ಯಾಟರಿ, ಜಿ.ಪಿ.ಎಸ್., ದೂರದಿಂದಲೇ ಹಾಕಬಹುದಾದ ಬೀಗ, ತೂಕದ ಮಾಪಕ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಅಡಗಿಸುವುದಾಗಿ ಹೇಳಿ ಜನರಿಂದ ಮುಂಗಡ ಕೇಳಿತು. ಜನರು 20 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟರು. ಅನುಕರಿಸಿದ ಸಂಸ್ಥೆಗಳು ಹಲವು ಹುಟ್ಟಿಕೊಂಡವು.

2017ರ ಡಿಸೆಂಬರಿನಲ್ಲಿ ಅಮೆರಿಕನ್, ಡೆಲ್ಟಾ, ಅಲಾಸ್ಕಾ ವಿಮಾನ ಸಂಸ್ಥೆಗಳು, ಬ್ಯಾಟರಿಯನ್ನು ಹೊರತೆಗೆಯಲಾಗದ ಪೆಟ್ಟಿಗೆಗಳನ್ನು 2018ರ ಜನವರಿ 15ರಿಂದ ಒಯ್ಯುವುದಿಲ್ಲವೆಂದು ಸಾರಿದವು. ಬ್ಲೂಸ್ಮಾರ್ಟ್ ಪೆಟ್ಟಿಗೆಯ ಬ್ಯಾಟರಿ ಪ್ರಯಾಣಿಕನು ಥಟ್ಟನೆ ತೆಗೆಯುವಂತೆ ಇರಲಿಲ್ಲ. ಅದೇ ವರ್ಷದ ಮೇ ತಿಂಗಳಿನಲ್ಲಿ ಆ ಸಂಸ್ಥೆ ಬಾಗಿಲು ಮುಚ್ಚಿತು. ರೇಡನ್ ಎಂಬ ಇನ್ನೊಂದೂ ಅದೇ ತಿಂಗಳು ಮುಚ್ಚಿತು.

ವಿಮಾನ ಸಂಸ್ಥೆಗಳು ಹೀಗೆ ಕಠಿಣವಾದದ್ದು ಅಕಾರಣವಾಗಿ ಅಲ್ಲ. ಲಿಥಿಯಂ ಬ್ಯಾಟರಿಯೊಳಗೆ ದೋಷವುಂಟಾದರೆ ಒಂದು ಕೋಶದ ಬಿಸಿ ಪಕ್ಕದ ಕೋಶವನ್ನು ಕೆರಳಿಸುತ್ತದೆ, ಅದು ಮುಂದಿನದನ್ನು. ಹೊರಗಿನಿಂದ ಜ್ವಾಲೆಯನ್ನು ಆರಿಸಿದರೂ ಒಳಗಿನ ಉರಿ ನಿಲ್ಲುವುದಿಲ್ಲ. ಪ್ರಯಾಣಿಕರ ಕ್ಯಾಬಿನ್ನಿನಲ್ಲಿ ಹೀಗಾದರೆ ಹೊಗೆ ಕಣ್ಣಿಗೆ ಬೀಳುತ್ತದೆ, ಪರಿಚಾರಕರು ನೀರು ಸುರಿದು ತಂಪಾಗಿಸುತ್ತಾರೆ. ಆದರೆ ವಿಮಾನದ ಹೊಟ್ಟೆಯಲ್ಲಿ, ನೂರಾರು ಪೆಟ್ಟಿಗೆಗಳ ನಡುವೆ, ಯಾರೂ ಕೈಚಾಚಲಾಗದ ಕಡೆ ಇದು ನಡೆದರೆ? ಅಲ್ಲಿರುವ ಹ್ಯಾಲಾನ್ ಅನಿಲ ಜ್ವಾಲೆಯನ್ನು ಅದುಮೀತೇ ಹೊರತು ಬ್ಯಾಟರಿಯ ಒಳಗಿನ ಬಿಸಿಯನ್ನು ತಣಿಸಲಾರದು. 2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಜರ್ಮನಿಯ ಕಲೋನಿಗೆ ಹೊರಟ ಯು.ಪಿ.ಎಸ್. ಸರಕು ವಿಮಾನದಲ್ಲಿ ಸಾವಿರಾರು ಲಿಥಿಯಂ ಬ್ಯಾಟರಿಗಳಿದ್ದವು. ಹಾರಿದ ಅರ್ಧ ಗಂಟೆಯೊಳಗೇ ಬೆಂಕಿಯ ಸೂಚನೆ ಬಂತು. ಹೊಗೆ ತುಂಬಿದ ಕೋಣೆಯಿಂದ ವಿಮಾನವನ್ನು ಹಿಂದಿರುಗಿಸಲು ಹೆಣಗಿದ ಇಬ್ಬರು ಚಾಲಕರೂ ದುಬೈಯಲ್ಲೇ ಮಡಿದರು. ನಮ್ಮವರು ಸಾವಿರ ಸಂಖ್ಯೆಯಲ್ಲಿ ದುಡಿಯುವ ಊರಿನಲ್ಲೇ ನಡೆದ ಆ ದುರಂತವನ್ನು ಅಲ್ಲಿದ್ದ ಎಷ್ಟೋ ಮಂದಿ ಮರೆತಿರಲಾರರು.

ಕರಾವಳಿಯ ಪ್ರಯಾಣಿಕರಿಗೆ ಈ ತರ್ಕ ಅಪರಿಚಿತವೂ ಅಲ್ಲ. ಮಗಳ ಮನೆಗೆಂದು ಪ್ರೀತಿಯಿಂದ ಕಟ್ಟಿಕೊಟ್ಟ ಒಣಕೊಬ್ಬರಿಯನ್ನು ತಪಾಸಣೆಯಲ್ಲಿ ಹೊರಗೆ ತೆಗೆಸಿದರೆಂದು ಗೊಣಗಿದವರು ನಮ್ಮ ನಡುವೆ ಇದ್ದಾರೆ. ಎಣ್ಣೆಯಂಶವಿರುವ ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತು ಎಂಬ ಕಾರಣಕ್ಕೆ, ನಮ್ಮ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2022ರಲ್ಲಿ ಅದನ್ನು ಚೆಕ್-ಇನ್ ಸಾಮಾನಿನಲ್ಲಿ ನಿಷೇಧಿಸಿತು. ಅಜ್ಜಿಯ ಕೊಬ್ಬರಿಗೂ ಮೊಮ್ಮಗನ ಜಾಣ ಪೆಟ್ಟಿಗೆಗೂ ವಿಮಾನದ ಹೊಟ್ಟೆಯಲ್ಲಿ ಒಂದೇ ನ್ಯಾಯ.

ಈಗ ಅಂತರರಾಷ್ಟ್ರೀಯ ನಿಯಮ ಹೀಗಿದೆ. ಪೆಟ್ಟಿಗೆಯೊಳಗಿನ ಬ್ಯಾಟರಿ 2.7 ವಾಟ್-ಅವರ್ ಮೀರಿದ್ದು, ಅದನ್ನು ತೆಗೆಯಲು ಬಾರದಿದ್ದರೆ ಆ ಪೆಟ್ಟಿಗೆಗೆ ವಿಮಾನದಲ್ಲಿ ಜಾಗವಿಲ್ಲ. ತೆಗೆಯಲು ಬರುವುದಾದರೆ, ಪೆಟ್ಟಿಗೆಯನ್ನು ಚೆಕ್-ಇನ್ ಮಾಡುವಾಗ ಬ್ಯಾಟರಿಯನ್ನು ಕಳಚಿ ತಮ್ಮೊಡನೆ ಕ್ಯಾಬಿನ್ನಿಗೆ ಒಯ್ಯಬೇಕು. 100 ವಾಟ್-ಅವರ್‌ವರೆಗೆ ಸಾಮಾನ್ಯವಾಗಿ ತೊಡಕಿಲ್ಲ. 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಅದಕ್ಕಿಂತ ಹೆಚ್ಚಾದರೆ ಪ್ರಯಾಣಿಕನು ಒಯ್ಯುವಂತಿಲ್ಲ. ಬ್ಯಾಟರಿಯ ಮೇಲೆ ಮಿಲಿ ಆಂಪಿಯರ್-ಅವರ್ ಮಾತ್ರ ಅಚ್ಚಾಗಿದ್ದರೆ ಅದನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಬೇಕು: 20,000 ಎಂದಿದ್ದರೆ 74 ವಾಟ್-ಅವರ್. ಏನೂ ಅಚ್ಚಾಗಿಲ್ಲದ ಅಗ್ಗದ ಬ್ಯಾಟರಿಯನ್ನು ತಪಾಸಣಾಧಿಕಾರಿ ಕಸಿದುಕೊಂಡರೆ ವಾದಿಸಿ ಫಲವಿಲ್ಲ.

ಪೆಟ್ಟಿಗೆಯಿಂದ ಕಳಚಿದ ಬ್ಯಾಟರಿ ಕೈಗೆ ಬಂದೊಡನೆ ಪವರ್ ಬ್ಯಾಂಕ್ ಎನಿಸಿಕೊಳ್ಳುತ್ತದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. 2025ರ ಜನವರಿ 28ರಂದು ದಕ್ಷಿಣ ಕೊರಿಯದ ಬುಸಾನಿನಲ್ಲಿ, ಹೊರಡಲು ಸಿದ್ಧವಾಗಿದ್ದ ಏರ್ ಬುಸಾನ್ ವಿಮಾನದ ತಲೆಮೇಲಿನ ಕಪಾಟಿನಲ್ಲಿ ಬೆಂಕಿ ಹುಟ್ಟಿತು. ಒಳಗಿದ್ದ 176 ಮಂದಿಯೂ ಬದುಕಿ ಹೊರಬಂದರು. ಪವರ್ ಬ್ಯಾಂಕಿನೊಳಗಿನ ದೋಷವೇ ಕಾರಣವಿರಬಹುದೆಂದು ತನಿಖೆ ಸೂಚಿಸಿತು. ಅನಂತರ ಹಲವು ಸಂಸ್ಥೆಗಳು ನಿಯಮ ಬಿಗಿಗೊಳಿಸಿದವು. ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ 100 ವಾಟ್-ಅವರ್‌ಗಿಂತ ಕಡಿಮೆಯ ಒಂದೇ ಪವರ್ ಬ್ಯಾಂಕ್ ಎಂದು ವಿಧಿಸಿತು. ಅದನ್ನು ವಿಮಾನದಲ್ಲಿ ಬಳಸುವಂತಿಲ್ಲ, ತಲೆಮೇಲಿನ ಕಪಾಟಿನಲ್ಲೂ ಇಡುವಂತಿಲ್ಲ, ಆಸನದ ಜೇಬಿನಲ್ಲೋ ಮುಂದಿನ ಆಸನದ ಅಡಿಯಲ್ಲೋ ಇಡಬೇಕು. ಹಾಗಾದರೆ ಜಾಣ ಪೆಟ್ಟಿಗೆಯ ಬ್ಯಾಟರಿಯ ಜೊತೆಗೆ ಅಂಗಿಯ ಜೇಬಿನಲ್ಲಿ ಇನ್ನೊಂದು ಪವರ್ ಬ್ಯಾಂಕ್ ಇಟ್ಟುಕೊಂಡವನ ಗತಿಯೇನು? ಒಂದನ್ನು ಅಲ್ಲೇ ಬಿಡಬೇಕಾದೀತು.

ಅರಿಸ್ಟಾಟಲನ ಪರಂಪರೆಯ ತತ್ತ್ವಜ್ಞರು ಒಂದು ವಸ್ತುವಿನ ಸತ್ತ್ವವನ್ನೂ ಅದರ ಆಗಂತುಕ ಗುಣಗಳನ್ನೂ ಬೇರ್ಪಡಿಸಿ ನೋಡುತ್ತಾರೆ. ಪೆಟ್ಟಿಗೆಯ ಸತ್ತ್ವ ಹೊರುವುದು, ಕಾಪಾಡುವುದು. ಚಕ್ರ ಮುರಿಯದಿರುವುದು, ಹಿಡಿಕೆ ಅಲುಗದಿರುವುದು, ಜಿಪ್ ಬಾಯಿ ಬಿಡದಿರುವುದು ಅದಕ್ಕೆ ಸೇರಿದವು. ಮೊಬೈಲಿಗೆ ವಿದ್ಯುತ್ ಕೊಡುವುದು ಆಗಂತುಕ. ಅಂಗಡಿಯ ಪ್ರಚಾರ ಪತ್ರಿಕೆಯಲ್ಲಿ ಈ ಕ್ರಮ ತಲೆಕೆಳಗಾಗಿರುತ್ತದೆ. ಖಾಲಿ ಪೆಟ್ಟಿಗೆಯ ತೂಕವೆಷ್ಟೆಂಬುದು ಅಲ್ಲಿ ಎಲ್ಲೋ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಕ್ಯಾಬಿನ್ ಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಿತಿ. ಪೆಟ್ಟಿಗೆಯೇ ನಾಲ್ಕು ಕಿಲೋ ತೂಗಿದರೆ ಅದರೊಳಗೆ ಹಾಕುವುದೇನನ್ನು? ತೂಕ ಹೇಳುವ ಹಿಡಿಕೆಯ ಬದಲು ಕೆಲವು ನೂರು ರೂಪಾಯಿಗೆ ಸಿಗುವ ಕೊಕ್ಕೆಯ ತಕ್ಕಡಿ ಮನೆಮಂದಿಗೆಲ್ಲ ಸಾಕು. ಬೆರಳಚ್ಚಿನ ಬೀಗವನ್ನು ಇಷ್ಟಪಡುವವರು, ವಿದ್ಯುತ್ ಮುಗಿದಾಗ ತೆರೆಯಲು ಕೀಲಿಕೈಯೂ ಇದೆಯೇ ಎಂದು ನೋಡಿಕೊಳ್ಳಲಿ. ಓಡಾಡುವ ಪೆಟ್ಟಿಗೆಯ ವಿಷಯ ಇಲ್ಲಿ ಬೇಡ.

ಪೆಟ್ಟಿಗೆ ಎಲ್ಲಿದೆಯೆಂದು ತಿಳಿಯುವ ಆಸೆ ಮಾತ್ರ ನ್ಯಾಯವಾದದ್ದೇ. ಎರಡು ವಿಮಾನ ಬದಲಿಸಿ ಬರುವವನ ಪೆಟ್ಟಿಗೆಯಲ್ಲಿ ವರ್ಷಗಳ ದುಡಿಮೆಯ ಫಲವಿರುತ್ತದೆ. ಆದರೆ ಅದಕ್ಕೂ ದುಬಾರಿ ಪೆಟ್ಟಿಗೆ ಬೇಡ. 2021ರಲ್ಲಿ ಬಂದ ಆಪಲ್ ಸಂಸ್ಥೆಯ ಏರ್‌ಟ್ಯಾಗ್ ಒಂದು ನಾಣ್ಯದಷ್ಟು ಅಗಲದ ಬಿಲ್ಲೆ. ಆಂಡ್ರಾಯ್ಡ್ ಮೊಬೈಲಿನವರಿಗೂ ಅಂಥವು ಈಗ ಇವೆ. ಸುತ್ತಮುತ್ತ ಇರುವ ಇತರರ ಮೊಬೈಲುಗಳು ಅದರ ಸಂಕೇತ ಹಿಡಿದು ಒಡೆಯನಿಗೆ ರವಾನಿಸುತ್ತವೆ. ಆದುದರಿಂದ ಜನನಿಬಿಡ ನಿಲ್ದಾಣಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ನಡುಆಕಾಶದಲ್ಲಿ ಮೌನವಾಗುತ್ತದೆ. 2022ರ ಅಕ್ಟೋಬರಿನಲ್ಲಿ ಲುಫ್ತಾನ್ಸಾ ಇದನ್ನು ಚೆಕ್-ಇನ್ ಸಾಮಾನಿನಲ್ಲಿ ಬಿಡುವುದಿಲ್ಲವೆಂದು ಹೇಳಿ, ಕೆಲವೇ ದಿನಗಳಲ್ಲಿ ಮಾತು ಹಿಂತೆಗೆದುಕೊಂಡಿತು. ಬಿಲ್ಲೆಯೊಳಗಿನ ಗುಂಡಿ ಬ್ಯಾಟರಿಯ ಲಿಥಿಯಂ ಸುಮಾರು 0.1 ಗ್ರಾಂ, ನಿಯಮದ ಮಿತಿ 0.3 ಗ್ರಾಂ.

ಆದರೆ ಬಿಲ್ಲೆ ಪೆಟ್ಟಿಗೆಯ ಜಾಗವನ್ನು ತೋರಿಸುತ್ತದೆ, ಪೆಟ್ಟಿಗೆಯನ್ನು ತಂದುಕೊಡುವುದಿಲ್ಲ. ನಿಲ್ದಾಣದ ಬೆಲ್ಟಿನ ಮೇಲೆ ಪೆಟ್ಟಿಗೆ ಬಾರದಿದ್ದರೆ ಹೊರಬಾಗಿಲು ದಾಟುವ ಮುನ್ನವೇ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಪಿ.ಐ.ಆರ್. ಎಂಬ ದೂರುಪತ್ರ ಬರೆಯಿಸಿ ಪ್ರತಿ ಪಡೆಯಬೇಕು. ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿದ ಸಾಮಾನಿನ ಚೀಟಿಯನ್ನು ಎಸೆಯಬಾರದು. ಭಾರತವು 2009ರಿಂದ ಪಾಲ್ಗೊಂಡಿರುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಪೆಟ್ಟಿಗೆ ಹಾನಿಗೊಂಡು ಬಂದರೆ 7 ದಿನದೊಳಗೆ, ತಡವಾಗಿ ಬಂದರೆ ಅದು ಕೈಸೇರಿದ 21 ದಿನದೊಳಗೆ ಲಿಖಿತ ದೂರು ಸಲ್ಲಿಸಬೇಕು. ಬರಬೇಕಾದ ದಿನದಿಂದ 21 ದಿನ ಕಳೆದರೂ ಬಾರದ ಪೆಟ್ಟಿಗೆ ಕಳೆದುಹೋಯಿತೆಂದು ಪ್ರಯಾಣಿಕನು ಹಕ್ಕು ಸಾಧಿಸಬಹುದು. ಪರಿಹಾರದ ಗರಿಷ್ಠ ಮಿತಿಯನ್ನು 2024ರ ಡಿಸೆಂಬರ್ 28ರಿಂದ 1,519 ಎಸ್.ಡಿ.ಆರ್.ಗೆ ಏರಿಸಲಾಗಿದೆ, ರೂಪಾಯಿಯಲ್ಲಿ ಒಂದೂವರೆ ಲಕ್ಷ ಮೀರುತ್ತದೆ. ಅದು ಮಿತಿಯೇ ಹೊರತು ತಾನಾಗಿ ಸಿಗುವ ಮೊತ್ತವಲ್ಲ. ನಷ್ಟವನ್ನು ತೋರಿಸಿಕೊಡಬೇಕು. ಆದುದರಿಂದ ಪೆಟ್ಟಿಗೆ ಮುಚ್ಚುವ ಮುನ್ನ ಒಳಗಿನದರ ಒಂದು ಫೋಟೊ, ಬೆಲೆಬಾಳುವ ವಸ್ತುಗಳ ರಶೀದಿ ಮೊಬೈಲಿನಲ್ಲಿರಲಿ.

ಇಷ್ಟಾದ ಮೇಲೂ ಜಾಣ ಪೆಟ್ಟಿಗೆಯೇ ಬೇಕೆನ್ನುವವರು ಅದನ್ನು ಮನೆಯಲ್ಲಿ ಪೂರ್ತಿ ತುಂಬಿಸಿ, ಬೀಗ ಹಾಕಿ, ಆಮೇಲೆ ಬ್ಯಾಟರಿಯನ್ನು ಹೊರತೆಗೆದು ನೋಡಲಿ. ವಿಮಾನ ತುಂಬಿದ ದಿನಗಳಲ್ಲಿ ಕ್ಯಾಬಿನ್ ಚೀಲವನ್ನೂ ಕೊನೆಯ ಗಳಿಗೆಯಲ್ಲಿ ಸಿಬ್ಬಂದಿ ಕೆಳಗಿನ ಸಾಮಾನು ಕೋಣೆಗೆ ಕಳುಹಿಸುವುದುಂಟು. ಆಗ ಹಿಂದೆ ಸಾಲು ನಿಂತಿರುತ್ತದೆ. ಬ್ಯಾಟರಿ ಬಟ್ಟೆಗಳ ಅಡಿಯಲ್ಲಿ ಸಿಕ್ಕಿಕೊಂಡಿದ್ದರೆ ಇಡೀ ಪೆಟ್ಟಿಗೆಯನ್ನು ಅಲ್ಲಿಯೇ ನೆಲದ ಮೇಲೆ ಬಿಚ್ಚಬೇಕಾಗುತ್ತದೆ.