ಕಾರ್ಟಿಸೋಲ್ ಹೆಚ್ಚಿದೆ, ಹೆಚ್ಚಿಸಿದವರು ಯಾರು?

ಕುಕ್ಕರುಗಾಲಲ್ಲಿ ಕೂತು, ಕೈ ಊರದೆ ಎದ್ದು ನಿಲ್ಲಿ ಎಂದು ಹಾರ್ಮೋನು ತಜ್ಞರು ಕೆಲವು ರೋಗಿಗಳಿಗೆ ಹೇಳುವುದುಂಟು. ಬರೀ ದಪ್ಪಗಿರುವವರು ಏದುಸಿರು ಬಿಟ್ಟಾದರೂ ಎದ್ದುಬಿಡುತ್ತಾರೆ. ಆದರೆ ಹೊಟ್ಟೆ, ಮುಖ, ಕತ್ತಿನ ಹಿಂಭಾಗ ತುಂಬಿಕೊಂಡು ಕೈಕಾಲು ಮಾತ್ರ ಸಣಕಲಾದ ರೋಗಿಗೆ ಏಳಲು ಆಗುವುದಿಲ್ಲ. ತೊಡೆಯ ಸ್ನಾಯು ಕರಗಿಹೋಗಿರುತ್ತದೆ. ರಕ್ತ ಪರೀಕ್ಷೆಗೆ ಬರೆದುಕೊಡುವ ಮೊದಲೇ ವೈದ್ಯರ ತಲೆಯಲ್ಲಿ ಒಂದು ಹೆಸರು ಮೂಡುತ್ತದೆ: ಕುಶಿಂಗ್ ಸಿಂಡ್ರೋಮ್.

ಕಾರ್ಟಿಸೋಲ್ ಎಂಬ ಹಾರ್ಮೋನು ದೇಹದಲ್ಲಿ ಅತಿಯಾದಾಗ ಬರುವ ಕಾಯಿಲೆ ಇದು. ಹಾಗೆಂದು ಕಾರ್ಟಿಸೋಲ್ ಇಲ್ಲದೆ ನಾವು ಬದುಕಲಾರೆವು. ಜ್ವರ, ಗಾಯ, ಉಪವಾಸ ಯಾವುದೇ ಬರಲಿ, ಸ್ನಾಯುವಿನ ಪ್ರೋಟೀನನ್ನು ಒಡೆದಾದರೂ ರಕ್ತಕ್ಕೆ ಸಕ್ಕರೆ ಒದಗಿಸುವುದು ಅದರ ಕೆಲಸ. ಆಪತ್ತು ಮುಗಿದ ಮೇಲೂ ಅದು ತಿಂಗಳುಗಟ್ಟಲೆ ಇಳಿಯದೆ ಉಳಿದರೆ ದೇಹ ತನ್ನನ್ನೇ ತಿನ್ನತೊಡಗುತ್ತದೆ. ಚರ್ಮ ತೆಳುವಾಗಿ ಹೊಟ್ಟೆಯ ಮೇಲೆ ಒಂದು ಸೆಂಟಿಮೀಟರಿಗಿಂತ ಅಗಲದ ನೇರಳೆ ಬಣ್ಣದ ಸೀಳುಗೆರೆಗಳು ಏಳುತ್ತವೆ, ಸಣ್ಣ ಪೆಟ್ಟಿಗೂ ಚರ್ಮದಡಿ ರಕ್ತ ಹೆಪ್ಪುಗಟ್ಟುತ್ತದೆ, ಮೂಳೆ ಸವೆಯುತ್ತದೆ, ಬಿಪಿ, ಶುಗರ್ ಎರಡೂ ಏರುತ್ತವೆ. ಮಕ್ಕಳಲ್ಲಿ ಇನ್ನೊಂದು ಸುಳಿವಿದೆ. ಹೆಚ್ಚು ತಿಂದು ದಪ್ಪಗಾಗುವ ಮಗು ಸಾಮಾನ್ಯವಾಗಿ ಎತ್ತರವೂ ಬೆಳೆಯುತ್ತದೆ. ಕಾರ್ಟಿಸೋಲ್ ಹೆಚ್ಚಿದ ಮಗುವಿನ ತೂಕ ಏರುತ್ತಿದ್ದರೂ ಎತ್ತರ ನಿಂತುಹೋಗುತ್ತದೆ.

ಅಮೆರಿಕದ ನರಶಸ್ತ್ರವೈದ್ಯ ಹಾರ್ವೆ ಕುಶಿಂಗ್ 1912ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥ 23ರ ಯುವತಿಯೊಬ್ಬಳ ವಿವರ ಬರೆದ. ಯಾವ ಗ್ರಂಥಿ ಕೆಟ್ಟಿದೆ ಎಂದು ಆಗ ಅವನಿಗೂ ತಿಳಿದಿರಲಿಲ್ಲ. ಇಪ್ಪತ್ತು ವರ್ಷಗಳ ನಂತರ, 1932ರಲ್ಲಿ, ಹನ್ನೆರಡು ರೋಗಿಗಳ ಕಥೆ ಒಟ್ಟುಗೂಡಿಸಿ, ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯ ಪುಟ್ಟ ಗೆಡ್ಡೆಯೇ ಇದಕ್ಕೆ ಕಾರಣ ಎಂದ. ಬಹುಪಾಲು ಸರಿ, ಪೂರ್ತಿ ಅಲ್ಲ. ಇದೇ ಚಹರೆ ಅಡ್ರಿನಲ್ ಗ್ರಂಥಿಯ ಗೆಡ್ಡೆಯಿಂದಲೂ ಬರುತ್ತದೆ, ಶ್ವಾಸಕೋಶದ ಗೆಡ್ಡೆಯಿಂದಲೂ ಬರುತ್ತದೆ. ಮೂರೂ ಕಡೆ ಕಾಯಿಲೆಯ ಮುಖ ಒಂದೇ, ಚಿಕಿತ್ಸೆ ಮಾತ್ರ ಬೇರೆ ಬೇರೆ. ಒಬ್ಬರಿಗೆ ಮೂಗಿನ ಮೂಲಕ ಮಿದುಳಿನ ತಳಕ್ಕೆ ಶಸ್ತ್ರಕ್ರಿಯೆ, ಇನ್ನೊಬ್ಬರಿಗೆ ಹೊಟ್ಟೆಗೆ, ಮತ್ತೊಬ್ಬರಿಗೆ ಎದೆಗೆ. ಹಾಗಾಗಿ ಈ ಕಾಯಿಲೆಯಲ್ಲಿ ಹೆಸರು ಹಿಡಿಯುವುದು ಅರ್ಧ ಕೆಲಸ ಮಾತ್ರ.

ಕಾರ್ಟಿಸೋಲ್ ತಯಾರಿಸುವ ಯಂತ್ರದ ಜೋಡಣೆ ಹೀಗಿದೆ. ಮಿದುಳಿನ ಹೈಪೊಥಲಮಸ್ ಸಿಆರ್‌ಎಚ್ ಎಂಬ ಹಾರ್ಮೋನಿನ ಮೂಲಕ ಪಿಟ್ಯುಟರಿಗೆ ಆಜ್ಞೆ ಕೊಡುತ್ತದೆ. ಪಿಟ್ಯುಟರಿ ಎಸಿಟಿಎಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಕಿಡ್ನಿಗಳ ತಲೆಯ ಮೇಲೆ ಕೂತ, ತಲಾ ನಾಲ್ಕೈದು ಗ್ರಾಂ ತೂಗುವ ಅಡ್ರಿನಲ್ ಗ್ರಂಥಿಗಳು ಅದನ್ನು ಕಂಡು ಕಾರ್ಟಿಸೋಲ್ ಸುರಿಸುತ್ತವೆ. ಟ್ಯಾಂಕು ತುಂಬಿದಾಗ ಫ್ಲೋಟ್ ಮೇಲೆದ್ದು ಮೋಟರನ್ನು ನಿಲ್ಲಿಸುವಂತೆ, ಕಾರ್ಟಿಸೋಲ್ ಸಾಕಷ್ಟಾದೊಡನೆ ಅದೇ ಮೇಲಕ್ಕೆ ಸುದ್ದಿ ಮುಟ್ಟಿಸಿ ಎಸಿಟಿಎಚ್ ಇಳಿಸುತ್ತದೆ. ಬೆಳಗಿನ ಜಾವ ಏರಿ ನಡುರಾತ್ರಿಗೆ ತಳ ಮುಟ್ಟುವ ದೈನಂದಿನ ಏರಿಳಿತ ಬೇರೆ. ರೋಗಪತ್ತೆಯ ಎಲ್ಲ ಪರೀಕ್ಷೆಗಳೂ ಕೇಳುವುದು ಒಂದೇ ಪ್ರಶ್ನೆ: ನಿಲ್ಲು ಎಂದರೆ ನಿಲ್ಲದವರು ಯಾರು?

ಆದರೆ ಸೂಜಿ ಚುಚ್ಚುವ ಮೊದಲು ಬಾಯಲ್ಲೇ ಕೇಳಬೇಕಾದ ಪ್ರಶ್ನೆಯೊಂದಿದೆ. ನೀವು ಏನೇನು ಔಷಧಿ ತೆಗೆದುಕೊಳ್ಳುತ್ತಿದ್ದೀರಿ? ದೇಹದೊಳಗಿನ ಗೆಡ್ಡೆಯಿಂದ ಬರುವ ಕುಶಿಂಗ್ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಎರಡು-ಮೂರು ಮಂದಿಗೆ ಮಾತ್ರ. ಹೊರಗಿನಿಂದ ಬಂದ ಸ್ಟೀರಾಯ್ಡ್ ತರುವ ಕುಶಿಂಗ್ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ವೈದ್ಯರೇ ಬರೆದ ಪ್ರೆಡ್ನಿಸೋಲೋನ್ ಮಾತ್ರೆಯಾದರೆ ಚೀಟಿ ಇರುತ್ತದೆ. ತೊಂದರೆ ಇರುವುದು ಚೀಟಿ ಇಲ್ಲದವುಗಳಲ್ಲಿ: ಮಂಡಿನೋವಿಗೆ ಯಾರೋ ಕೊಟ್ಟ ಪುಡಿ, ಉಬ್ಬಸಕ್ಕೆ ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಹೆಸರಿಲ್ಲದ ಇಂಜೆಕ್ಷನ್, ಬೆಳ್ಳಗಾಗಲೆಂದು ವರ್ಷಗಟ್ಟಲೆ ಹಚ್ಚಿದ ಕ್ರೀಮು. ಬಲವಾದ ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಬೀದಿ ಕೊನೆಯ ಮೆಡಿಕಲ್ ಸ್ಟೋರ್ ಆ ನಿಯಮವನ್ನು ಎಷ್ಟು ಪಾಲಿಸುತ್ತದೆ ಎಂಬುದನ್ನು ಓದುಗರು ತಾವೇ ನೋಡಿಕೊಳ್ಳಬಹುದು.

ಇಲ್ಲೊಂದು ವಿಚಿತ್ರವಿದೆ. ಬೀಟಾಮೆಥಸೋನ್, ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡುಗಳನ್ನು ಕಾರ್ಟಿಸೋಲ್ ಪರೀಕ್ಷೆ ಬಹುತೇಕ ಗುರುತಿಸುವುದೇ ಇಲ್ಲ. ದೇಹ ಮಾತ್ರ ಅವನ್ನು ಕಾರ್ಟಿಸೋಲ್ ಎಂದೇ ತಿಳಿದು ತನ್ನ ಉತ್ಪಾದನೆ ನಿಲ್ಲಿಸಿಬಿಡುತ್ತದೆ. ರೋಗಿಯ ಮುಖ ದುಂಡಗೆ ಊದಿದೆ, ಲ್ಯಾಬ್ ವರದಿಯಲ್ಲಿ ಕಾರ್ಟಿಸೋಲ್ ಪಾತಾಳದಲ್ಲಿದೆ! ಈ ವಿರೋಧಾಭಾಸ ಕಂಡರೆ ಸ್ಕ್ಯಾನಿಂಗ್ ಸೆಂಟರಿಗಲ್ಲ, ರೋಗಿಯ ಮನೆಯ ಔಷಧಿ ಡಬ್ಬಿಗೆ ಹೋಗಬೇಕು.

ಹೊರಗಿನ ಸ್ಟೀರಾಯ್ಡ್ ಇಲ್ಲವೆಂದು ಖಚಿತವಾದರೆ ಮುಂದಿನದು, ಕಾರ್ಟಿಸೋಲ್ ನಿಜಕ್ಕೂ ಹೆಚ್ಚಿದೆಯೇ ಎಂಬುದು. ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಸೇರಿಕೊಂಡು ಬರುವ ಬೆಳಗಿನ ಒಂದು ಕಾರ್ಟಿಸೋಲ್ ಅಂಕಿ ಇದಕ್ಕೆ ಪ್ರಯೋಜನವಿಲ್ಲ. ಬೆಳಿಗ್ಗೆ ಎಲ್ಲರಿಗೂ ಅದು ಹೆಚ್ಚೇ. ರಾತ್ರಿ ಹನ್ನೊಂದು-ಹನ್ನೆರಡರ ಹೊತ್ತಿನ ಜೊಲ್ಲಿನಲ್ಲಿ, ಇಲ್ಲವೇ 24 ಗಂಟೆ ಕೂಡಿಟ್ಟ ಮೂತ್ರದಲ್ಲಿ ಅಳೆಯಬೇಕು. ಮೂರನೆಯ ದಾರಿ, ಕೋವಿಡ್ ಕಾಲದಲ್ಲಿ ಮನೆಮಾತಾದ ಡೆಕ್ಸಾಮೆಥಸೋನ್. ಆಗ ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂ ಕೊಡುತ್ತಿದ್ದರು. ಇಲ್ಲಿ ಮಲಗುವ ಹೊತ್ತಿಗೆ ಒಂದೇ ಒಂದು ಮಿಲಿಗ್ರಾಂ. ಆರೋಗ್ಯವಂತರಲ್ಲಿ ಫ್ಲೋಟ್ ಮೇಲೇಳುತ್ತದೆ, ಮರುದಿನ ಎಂಟು ಗಂಟೆಗೆ ಕಾರ್ಟಿಸೋಲ್ ಡೆಸಿಲೀಟರಿಗೆ 1.8 ಮೈಕ್ರೋಗ್ರಾಂಗಿಂತ ಕೆಳಗಿರುತ್ತದೆ. ಇಳಿಯದಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಗಟ್ಟಿಯಾಗುತ್ತದೆ ಅಷ್ಟೆ. ಕ್ಷಯಕ್ಕೆ ರಿಫಾಂಪಿಸಿನ್, ಮೂರ್ಛೆಗೆ ಫೆನಿಟಾಯಿನ್ ನುಂಗುವವರ ಲಿವರ್ ಡೆಕ್ಸಾಮೆಥಸೋನನ್ನು ಬೇಗ ಒಡೆದುಹಾಕುವುದರಿಂದ ಅವರ ಕಾರ್ಟಿಸೋಲ್ ಇಳಿಯದೆ ಇರಬಹುದು. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ರಕ್ತದಲ್ಲಿ ಕಾರ್ಟಿಸೋಲನ್ನು ಹೊರುವ ಪ್ರೋಟೀನನ್ನು ಹೆಚ್ಚಿಸಿ ಅಂಕಿಯನ್ನು ಉಬ್ಬಿಸುತ್ತದೆ. ಅತಿಯಾದ ಕುಡಿತ, ಖಿನ್ನತೆ, ಹತೋಟಿ ತಪ್ಪಿದ ಮಧುಮೇಹ ಇವೂ ಕಾರ್ಟಿಸೋಲ್ ಏರಿಸಬಲ್ಲವು. ಬೆಂಗಳೂರಿನ ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿ ಮಾಡುವವರ ನಡುರಾತ್ರಿಯ ಜೊಲ್ಲಿಗೆ ಅರ್ಥವೇ ಇಲ್ಲ. ಅವರ ನಡುರಾತ್ರಿ ನಡುಹಗಲು. ಅದಕ್ಕೇ ಒಂದು ಪರೀಕ್ಷೆಯನ್ನು ನಂಬಿ ಯಾರೂ ತೀರ್ಪು ಕೊಡುವುದಿಲ್ಲ, ಕೊಡಬಾರದು.

ಹೆಚ್ಚಿದೆ ಎಂಬುದು ಖಾತ್ರಿಯಾದ ಮೇಲೆ ಮೂಲದ ಹುಡುಕಾಟ. ಮೊದಲ ಕವಲು ಎಸಿಟಿಎಚ್. ಈ ಹಾರ್ಮೋನು ಬಲು ನಾಜೂಕು. ಎಳೆದ ರಕ್ತವನ್ನು ಐಸಿನಲ್ಲಿಟ್ಟು ಬೇಗ ಸೆಂಟ್ರಿಫ್ಯೂಜ್ ಮಾಡದಿದ್ದರೆ ಕೊಳವೆಯಲ್ಲೇ ಒಡೆದುಹೋಗಿ, ಇದ್ದದ್ದು ಇಲ್ಲವೆಂದು ವರದಿ ಬರುತ್ತದೆ. ಸರಿಯಾಗಿ ಅಳೆದಾಗ ಮಿಲಿಲೀಟರಿಗೆ 10 ಪಿಕೊಗ್ರಾಂಗಿಂತ ಕಡಿಮೆ ಇದ್ದರೆ ಅಡ್ರಿನಲ್ ಮೇಲಿನವರ ಮಾತು ಕೇಳದೆ ತಾನೇ ಸುರಿಸುತ್ತಿದೆ ಎಂದರ್ಥ. 20 ದಾಟಿದ್ದರೆ ಅಡ್ರಿನಲ್ ನಿರಪರಾಧಿ, ಅದಕ್ಕೆ ಯಾರೋ ಎಸಿಟಿಎಚ್ ಕಳಿಸುತ್ತಿದ್ದಾರೆ.

ಅಡ್ರಿನಲ್ ಕವಲಿನಲ್ಲಿ ಹೊಟ್ಟೆಯ ಸಿಟಿ ಸ್ಕ್ಯಾನ್ ಸಾಮಾನ್ಯವಾಗಿ ವ್ಯವಹಾರ ಮುಗಿಸುತ್ತದೆ. ಅಲ್ಲಿನ ಒಂದು ಅಪರೂಪದ ಪ್ರಕರಣವನ್ನು ಮಾತ್ರ ಹೇಳದೆ ಇರಲಾರೆ. 1992ರಲ್ಲಿ ಕೆನಡಾ ಮತ್ತು ಫ್ರಾನ್ಸಿನ ವೈದ್ಯರು ಊಟ ಮಾಡಿದಾಗಲೆಲ್ಲ ಕಾರ್ಟಿಸೋಲ್ ಏರುವ ರೋಗಿಗಳನ್ನು ವರದಿ ಮಾಡಿದರು. ಊಟವಾದೊಡನೆ ಕರುಳು ಬಿಡುವ ಜಿಐಪಿ ಎಂಬ ಹಾರ್ಮೋನಿಗೆ ಓಗೊಡುವ ಗ್ರಾಹಕಗಳು, ಇರಬಾರದಿದ್ದರೂ, ಅವರ ಅಡ್ರಿನಲ್‌ಗಳಲ್ಲಿ ಮೊಳೆತಿದ್ದವು. ಉಪವಾಸವಿದ್ದಾಗ ಕಡಿಮೆ, ಉಂಡಾಗ ವಿಪರೀತ.

ನಿಜವಾದ ಕಗ್ಗಂಟು ಎಸಿಟಿಎಚ್ ಹೆಚ್ಚಿರುವ ಕವಲಿನದು. ಹತ್ತರಲ್ಲಿ ಎಂಟು-ಒಂಬತ್ತು ಮಂದಿಗೆ ಅದು ಪಿಟ್ಯುಟರಿಯಿಂದ ಬರುತ್ತದೆ. ಉಳಿದವರಿಗೆ ಶ್ವಾಸಕೋಶ ಅಥವಾ ಇನ್ನೆಲ್ಲೋ ಅಡಗಿದ ಗೆಡ್ಡೆಯಿಂದ. ಎಂಆರ್‌ಐ ತೆಗೆದು ನೋಡಿದರಾಯಿತಲ್ಲ ಎನ್ನಬಹುದು. ಆದರೆ ಈ ಪಿಟ್ಯುಟರಿ ಗೆಡ್ಡೆಗಳು ಎಷ್ಟು ಸಣ್ಣವೆಂದರೆ ಮೂರನೇ ಒಂದಕ್ಕಿಂತ ಹೆಚ್ಚು ರೋಗಿಗಳಲ್ಲಿ ಎಂಆರ್‌ಐಗೆ ಅವು ಸ್ಪಷ್ಟವಾಗಿ ಕಾಣುವುದಿಲ್ಲ. ಇತ್ತ ಯಾವ ಕಾಯಿಲೆಯೂ ಇಲ್ಲದ ಹತ್ತು ಜನರ ಎಂಆರ್‌ಐ ತೆಗೆದರೆ ಒಬ್ಬರ ಪಿಟ್ಯುಟರಿಯಲ್ಲಿ ಚುಕ್ಕೆಯೊಂದು ಕಾಣುತ್ತದೆ. ಇದ್ದದ್ದು ಕಾಣದೆ, ಕಂಡದ್ದು ಕಾರಣವಲ್ಲದೆ ಹೋಗುವ ಜಾಗವಿದು. ಚುಕ್ಕೆ ನಂಬಿ ತಲೆಗೆ ಶಸ್ತ್ರಕ್ರಿಯೆ ಮಾಡಿದ ಮೇಲೆ ಅಪರಾಧಿ ಎದೆಯಲ್ಲಿದ್ದಾನೆ ಎಂದು ತಿಳಿದರೆ ಯಾರನ್ನು ಕೇಳುವುದು?

ಇದಕ್ಕೊಂದು ಉಪಾಯವನ್ನು 1960ರಲ್ಲಿ ಅಮೆರಿಕದ ಗ್ರಾಂಟ್ ಲಿಡ್ಲ್ ಹೂಡಿದ. ಪಿಟ್ಯುಟರಿ ಗೆಡ್ಡೆ ಪೂರ್ತಿ ಕಿವುಡಲ್ಲ. ದಿನಕ್ಕೆ 8 ಮಿಲಿಗ್ರಾಂನಷ್ಟು ಡೆಕ್ಸಾಮೆಥಸೋನ್ ಕೊಟ್ಟರೆ ಬಗ್ಗುತ್ತದೆ. ಬೇರೆಡೆಯ ಗೆಡ್ಡೆ ಅದಕ್ಕೂ ಬಗ್ಗದು. ತರ್ಕ ಸೊಗಸಾಗಿದೆ, ಫಲಿತಾಂಶ ಅಷ್ಟಿಲ್ಲ. ಪಿಟ್ಯುಟರಿ ರೋಗಿಗಳಲ್ಲಿ ಸುಮಾರು ಶೇ. 80 ಮಂದಿಯನ್ನಷ್ಟೇ ಅದು ಹಿಡಿಯುತ್ತದೆ. ಪರೀಕ್ಷೆಯೇ ಮಾಡದೆ ಎಲ್ಲರಿಗೂ ಪಿಟ್ಯುಟರಿ ಎಂದುಬಿಟ್ಟರೂ ಹೆಚ್ಚುಕಡಿಮೆ ಅಷ್ಟೇ ಸಲ ಸರಿಯಾಗುತ್ತದೆ!

ಈಗ ತಜ್ಞರು ನೆಚ್ಚುವುದು ಇನ್ನೊಂದು ವಿಧಾನವನ್ನು. ತೊಡೆಸಂದಿನ ರಕ್ತನಾಳಗಳಿಂದ ಸಣ್ಣ ಕೊಳವೆಗಳನ್ನು ತೂರಿಸಿ, ಪಿಟ್ಯುಟರಿಯ ರಕ್ತ ಇಳಿದು ಬರುವ ಎಡಬಲದ ಪೆಟ್ರೋಸಲ್ ಸೈನಸ್‌ಗಳವರೆಗೆ ಒಯ್ಯುತ್ತಾರೆ. ಅಲ್ಲಿಂದಲೂ ಕೈಯಿಂದಲೂ ಒಂದೇ ಕ್ಷಣಕ್ಕೆ ರಕ್ತ ಎಳೆದು ಎಸಿಟಿಎಚ್ ಹೋಲಿಸುತ್ತಾರೆ. ತಲೆಯ ಬುಡದ ರಕ್ತದಲ್ಲಿ ಎರಡು ಪಟ್ಟು, ಸಿಆರ್‌ಎಚ್ ಚುಚ್ಚಿದ ಮೇಲೆ ಮೂರು ಪಟ್ಟು ಹೆಚ್ಚಿದ್ದರೆ ಮೂಲ ಪಿಟ್ಯುಟರಿಯೇ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಎಡ್ವರ್ಡ್ ಓಲ್ಡ್‌ಫೀಲ್ಡ್ ತಂಡ 281 ರೋಗಿಗಳ ಅನುಭವವನ್ನು 1991ರಲ್ಲಿ ಪ್ರಕಟಿಸಿದ ಮೇಲೆ ಇದು ನೆಲೆಯೂರಿತು. ಸಿಆರ್‌ಎಚ್ ಸಿಗದ ಕಡೆ ಡೆಸ್ಮೊಪ್ರೆಸಿನ್ ಬಳಸುತ್ತಾರೆ. ಅಪರೂಪಕ್ಕೆ ಇದೂ ತಪ್ಪುತ್ತದೆ. ಗೆಡ್ಡೆ ಎಡದಲ್ಲೋ ಬಲದಲ್ಲೋ ಎಂದು ಕೇಳಿದರೆ ಇದರ ಉತ್ತರವನ್ನು ಅಷ್ಟಾಗಿ ನೆಚ್ಚುವಂತಿಲ್ಲ. ಎಂಆರ್‌ಐನಲ್ಲಿ 10 ಮಿಲಿಮೀಟರ್ ಅಥವಾ ಅದಕ್ಕೂ ದೊಡ್ಡ ಗೆಡ್ಡೆ ಕಂಡವರಿಗೆ ಈ ಸಾಹಸ ಬೇಕಿಲ್ಲ. ಆರು ಮಿಲಿಮೀಟರಿಗಿಂತ ಸಣ್ಣದು, ಅಥವಾ ಏನೂ ಕಾಣದು ಎಂದಾಗ ಬೇಕು.

ಕೈಗೆಟುಕುವ ದರದಲ್ಲಿ ಸ್ಕ್ಯಾನ್ ಸಿಗುವ ಊರುಗಳಲ್ಲಿ ಮೊದಲು ಚಿತ್ರ ತೆಗೆಸಿ ಆಮೇಲೆ ರೋಗ ಹುಡುಕುವ ಚಟ ಬೆಳೆದಿದೆ. ಕಾರ್ಟಿಸೋಲ್ ವಿಷಯದಲ್ಲಿ ಅದು ಅಪಾಯದ ಚಟ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಮುಖ ಊದಿ, ಮೈ ಸುಮ್ಮನೆ ಕಂದುಗಟ್ಟುತ್ತಿದ್ದರೆ, ವೈದ್ಯರ ಬಳಿ ಹೋಗುವಾಗ ಹಳೆಯ ಸ್ಕ್ಯಾನುಗಳಿಗಿಂತ ಮೊದಲು ತಿನ್ನುವ ಮಾತ್ರೆ, ಹಚ್ಚುವ ಟ್ಯೂಬು, ನಾಟಿ ಪುಡಿಯ ಪೊಟ್ಟಣ ಎಲ್ಲವನ್ನೂ ಚೀಲಕ್ಕೆ ಹಾಕಿಕೊಳ್ಳಿ. ಅದರಲ್ಲಿ ಸ್ಟೀರಾಯ್ಡ್ ಇದೆಯೆಂದು ತಿಳಿದರೆ ಹೆದರಿ ಅಂದೇ ನಿಲ್ಲಿಸಬೇಡಿ. ತಿಂಗಳುಗಟ್ಟಲೆ ಕೆಲಸವಿಲ್ಲದೆ ಕುಗ್ಗಿದ ಅಡ್ರಿನಲ್ ತಕ್ಷಣ ಏಳುವುದಿಲ್ಲ; ವಾಂತಿಯಾಗಿ ಬಿಪಿ ಕುಸಿದು ಜೀವಕ್ಕೇ ಅಪಾಯವಾಗಬಹುದು. ವೈದ್ಯರು ಹೇಳಿದ ಲೆಕ್ಕದಲ್ಲಿ, ಸ್ವಲ್ಪ ಸ್ವಲ್ಪವಾಗಿಯೇ ಇಳಿಸಿ.